ನಾಲ್ಕು ಬೆರಳು ಖಾಲಿ ಜಾಗ

ಶನಿವಾರ, ಬೆಳಿಗ್ಗೆ. ಈ ಮಾತನ್ನು ಇಲ್ಲಿ ಬಿಟ್ಟರೆ ಬೇರೆಲ್ಲೂ ಬರೆಯಲಾರೆ: ತಪ್ಪು ನನ್ನದೇ ಆಗಿದ್ದರೆ?

ಡೈರಿಯಲ್ಲಿ ಅಷ್ಟು ಬರೆದು ಪೆನ್ನಿಗೆ ಟೊಪ್ಪಿಗೆ ಹಾಕುವಷ್ಟರಲ್ಲಿ ಶರೀಫಾಬೀ ಅಂಗಡಿಯ ಶಟರ್ ಎತ್ತಿದರು. ನಾನು ಡೈರಿಯನ್ನು ಬ್ಯಾಗಿಗೆ ತುರುಕಿದೆ.

"ಮಾನಮ್ಮ, ಮೊದಲ ಆ ತೂಬು ಸರ್‌ಗೆ ಒಂದ ಪತ್ರ ಹೊಡಿ. ಇವತ್ತ ನಾ ಅವನ್ನ ಬಿಡಂಗಿಲ್ಲ."

ಕೆಂಭಾವಿಯ ಸಂತೆ ಬೀದಿಯಲ್ಲಿರುವ ಈ ಕಂಪ್ಯೂಟರ್ ಸೆಂಟರ್ ಶರೀಫಾಬೀಯವರದು. ಎರಡು ವರ್ಷದಿಂದ ನಾನಿಲ್ಲಿ ಟೈಪಿಸ್ಟು. ಕೀಬೋರ್ಡು ಎಳೆದುಕೊಂಡೆ.

"ಬರಿ. ಸರ್, ನಿಮ್ಮ ತೂಬು ಕಾಗದ ತಿನ್ನಾಕತ್ತದ. ಒಂದ ತಿಂಗಳಿಂದ ಏನ ಪ್ರಿಂಟ್ ಹೊಡದ್ರೂ ಮ್ಯಾಲ ನಾಕ ಬೆರಳ ಖಾಲಿ ಬಿಡ್ತದ, ಎಡಕ್ಕ ಮೂರ ಬೆರಳ. ಒಂದ ಹಾಳ್ಯಾಗ ಮುಗಿಯೋ ಪಹಣಿ ಎರಡ ಹಾಳಿ ಆಗ್ತದ. ನಿಮಗ ಮನಿ, ಹೇಣ್ತಿ ಅದಾರೋ ಇಲ್ಲೋ?"

"ಕೊನೀ ಮಾತ ಬ್ಯಾಡ್ರಿ, ಆಪಾ."

"ಬರಿ ಅಂದ್ರ ಬರಿ. ಮನಿ ಇದ್ದಾಂವಗ ಹಾಳಿ ಬೆಲಿ ಗೊತ್ತಿರ್ತದ."

ಬರೆದೆ. ಕಳಿಸುವ ಗುಂಡಿ ಒತ್ತಿದೆ. ನನ್ನ ಬ್ಯಾಗಿನೊಳಗೆ ನನ್ನದೇ ಫೋನು ಗುಂಯ್ ಎಂದು ಒಮ್ಮೆ ನಡುಗಿತು. ಶರೀಫಾಬೀಗೆ ಅದು ಕೇಳಿಸಲಿಲ್ಲ.

ತೂಬು ಸರ್ ಎಂಬ ಮನುಷ್ಯ ಎಲ್ಲಿಯೂ ಇಲ್ಲ. ಆ ಪತ್ರಗಳೆಲ್ಲ ಬಂದು ಸೇರುವುದು ನನಗೆ.

ಡಿಗ್ರಿ ಮುಗಿಸಿ ಕಾಲುವೆ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ಸುಮ್ಮನೆ ಕುಳಿತಿದ್ದ ವರ್ಷ ಇದನ್ನು ಶುರು ಮಾಡಿದ್ದೆ. ಯಾರು ಬೇಕಾದರೂ ಬಿಚ್ಚಿ, ತಿದ್ದಿ, ಹಂಚಬಹುದಾದ ಬ್ರೌಸರ್ ಒಂದರ ಮೂಲವನ್ನು ಇಳಿಸಿಕೊಂಡೆ. ಮುದಿ ಕಂಪ್ಯೂಟರುಗಳಲ್ಲಿಯೂ ಏದುಸಿರು ಬಿಡದೆ ಓಡುವಂತೆ ಅದರ ಭಾರ ಇಳಿಸಿದೆ. ಮೆನುಗಳಿಗೆಲ್ಲ ನಮ್ಮ ಕನ್ನಡ ಹಾಕಿದೆ. ಇಲ್ಲಿಯ ಜನ ದಿನಾ ಹುಡುಕುವ ನಾಲ್ಕು ಗುಂಡಿಗಳನ್ನು ಮೇಲ್ಗಡೆ ಸಾಲಾಗಿ ಕೂರಿಸಿದೆ: ಪಹಣಿ, ಬಸ್ಸು, ಫಲಿತಾಂಶ, ಕಾಲುವೆ ನೀರಿನ ಪಾಳಿ. ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ಕಿಂಡಿಗೆ ತೂಬು ಅನ್ನುತ್ತಾರಲ್ಲ, ಆ ಹೆಸರನ್ನೇ ಇಟ್ಟೆ.

ಮೂಲ ಬ್ರೌಸರಿನವರು ಕಳ್ಳರು ನುಗ್ಗಬಹುದಾದ ಒಂದು ರಂಧ್ರ ಮುಚ್ಚಿದರೆ ಅದೇ ವಾರ ನಾನೂ ಮುಚ್ಚಬೇಕು, ಹೊಸ ಆವೃತ್ತಿ ಕಟ್ಟಬೇಕು. ನನ್ನ ಹಳೆಯ ಲ್ಯಾಪ್‌ಟಾಪಿಗೆ ಒಂದು ಸಲ ಕಟ್ಟಲು ಹನ್ನೊಂದು ತಾಸು ಹಿಡಿಯುತ್ತದೆ. ತಳಕ್ಕೆ ಗಾಳಿಯಾಡಲೆಂದು ಅದನ್ನು ಅವ್ವನ ಕೊಡದ ಕಟ್ಟಿಗೆ ಅಡ್ಡಣಿಗೆಯ ಮೇಲಿಡುತ್ತೇನೆ. ಅವತ್ತು ಅವ್ವ ಏನು ಅಡುಗೆ ಮಾಡಿರುತ್ತಾಳೋ ಅದೇ ಆವೃತ್ತಿಯ ಹೆಸರು. ಝುಣಕ. ಮಾದಲಿ. ಈಗ ನಡೆದಿರುವುದು ಪುಂಡಿಪಲ್ಯ.

ಇದಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ನಾನೂ ಕೇಳಿಲ್ಲ. ಶಹಾಪುರ, ಸುರಪುರ, ಯಾದಗಿರಿಯ ಸುತ್ತ ನಾಲ್ಕು ನೂರು ಕಂಪ್ಯೂಟರುಗಳಲ್ಲಿ ತೂಬು ಓಡುತ್ತದೆ. ಕೆಳಗೆ ಸಹಿ 'ತೂಬು ಬಳಗ' ಎಂದಿರುತ್ತದೆ. ಬರುವ ಪತ್ರಗಳೆಲ್ಲ 'ಸರ್' ಎಂದೇ ಶುರುವಾಗುತ್ತವೆ. ನಾನು ತಿದ್ದಿಲ್ಲ. ಸರ್ ಎಂಬ ಹೆಸರಿನ ಹಿಂದೆ ಕೂತಿರುವುದು ನನಗೆ ಹಾಯೆನಿಸುತ್ತಿತ್ತು.

ಕಳೆದ ತಿಂಗಳವರೆಗೆ.

ದೇವಾಪುರದ ಕಡೆಯ ಕೆಳಗಿನ ಹೊಲದವರು ತೂಬಿನಲ್ಲಿ ಪಾಳಿ ಗುರುವಾರವೆಂದು ನೋಡಿ, ಪ್ರಿಂಟು ತೆಗೆಸಿಕೊಂಡು ಆ ದಿನ ಕಾಲುವೆಗೆ ಹೋದರು. ನೀರು ಮಂಗಳವಾರವೇ ಬಂದು, ಮೇಲಿನವರ ಗದ್ದೆ ತುಂಬಿ, ಹೋಗಿಬಿಟ್ಟಿತ್ತು. ಗೇಟು ತೆಗೆದಿದ್ದವನು ಕಾಲುವೆಯ ಗೇಟು ನೋಡಿಕೊಳ್ಳುವ ನನ್ನ ಅಪ್ಪ ದ್ಯಾವಪ್ಪ. ಅವನನ್ನು ಅಮಾನತಿನಲ್ಲಿಟ್ಟರು.

ಮಂಗಳವಾರ ತೆಗೆ ಎಂಬ ಹುಕುಂ ಎಂದಿನಂತೆ ಫೋನಿನಲ್ಲಿ ಬಂದಿತ್ತು. ಫೋನು ಮಾಡಿದ ಇಂಜಿನಿಯರು ವರ್ಗವಾಗಿ ಹೋಗಿದ್ದರು, ಕಾಗದದಲ್ಲಿ ಏನೂ ಇರಲಿಲ್ಲ. ಕಾಲುವೆ ಕಚೇರಿಯ ಜಾಲಪುಟದಲ್ಲಿ ಈಗ ಮಂಗಳವಾರ ಎಂದೇ ಇದೆ. ಆದರೆ ರೈತರು, "ತಮ್ಮ ಮನಷ್ಯಾನ್ನ ಉಳಸಾಕ ಆಮ್ಯಾಲ ಬದಲಿ ಮಾಡ್ಯಾರ" ಅನ್ನುತ್ತಾರೆ. ಇವತ್ತು ಹನ್ನೊಂದಕ್ಕೆ ಕ್ಯಾಂಪಿನ ಕಚೇರಿಯಲ್ಲಿ ಕೊನೆಯ ವಿಚಾರಣೆ. ರೈತರ ಪ್ರಿಂಟು ನಿಜವೆಂದಾದರೆ ಅಪ್ಪನ ಇಪ್ಪತ್ತೆಂಟು ವರ್ಷದ ನೌಕರಿ ಅಲ್ಲಿಗೆ ಮುಗಿಯಿತು.

ಆ ಪ್ರಿಂಟು ಬಂದಿದ್ದು ನಾನು ಮಾಡಿದ ತೂಬಿನಿಂದ.

"ಏನ ಯೋಚನಿ ಮಾಡಾಕತ್ತಿ?" ಶರೀಫಾಬೀ ಕೇಳಿದರು. "ನೋಡಿಲ್ಲಿ, ಎಷ್ಟ ಖಾಲಿ."

ಅವರು ಮುಖಕ್ಕೆ ಹಿಡಿದ ಹಾಳೆಯನ್ನು ನೋಡಿದೆ. ಇಷ್ಟು ದಿನ ಅದನ್ನು ಅಂಗಡಿಯ ಹಳೆಯ ಪ್ರಿಂಟರಿನ ದೋಷವೆಂದೇ ತಳ್ಳಿಹಾಕಿದ್ದೆ. ಪುಂಡಿಪಲ್ಯವನ್ನು ಹೊರಗೆ ಬಿಡುವ ಮೊದಲು ಹತ್ತು ಸಲ ಪ್ರಿಂಟು ತೆಗೆದು ನೋಡಿದ್ದೆ. ಮೇಲೆ ಅರ್ಧ ಬೆರಳಿಗಿಂತ ಹೆಚ್ಚು ಬಿಟ್ಟಿರಲಿಲ್ಲ.

'ತೂಬಿನ ಬಗ್ಗೆ' ಎಂಬ ಕಿಟಕಿ ತೆರೆದೆ. ಆವೃತ್ತಿಯ ಹೆಸರು ಇರುವ ಕಡೆ ಒಂದೇ ಪದ.

ಕರಿಂಡಿ.

ಕರಿಂಡಿ ಎಂಬ ಆವೃತ್ತಿ ಹೊರಗೆ ಬಂದೇ ಇಲ್ಲ. ಅವ್ವ ಅಗಸಿ ಅರೆದು ಕರಿಂಡಿ ಮಾಡಿದ ದಿನ ಕಟ್ಟಿದ್ದೆ, ಓಡುವಾಗ ಮುಗ್ಗರಿಸುತ್ತದೆಂದು ಎತ್ತಿಟ್ಟಿದ್ದೆ. ಎತ್ತಿಡುವ ಮೊದಲು ಮೆನುವಿನ ಪದಗಳನ್ನು ನೋಡಿಕೊಡಲಿ ಎಂದು ಒಬ್ಬರಿಗೆ, ಒಬ್ಬರಿಗೆ ಮಾತ್ರ, ಕಳಿಸಿದ್ದೆ.

ಸುರಪುರದ ಶಾಂತಪ್ಪ ಮಾಸ್ತರಿಗೆ. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ನಿವೃತ್ತಿಯ ನಂತರ ತೂಬಿನ ಪದಗಳನ್ನು ತಿದ್ದಿ ಕಳಿಸುವುದನ್ನೇ ಒಂದು ವ್ರತದಂತೆ ಮಾಡಿಕೊಂಡಿದ್ದಾರೆ. ಅವರೂ ಪತ್ರದಲ್ಲಿ 'ಮಾನ್ಯರೇ' ಎಂದೇ ಬರೆಯುತ್ತಾರೆ. ತಾವು ಬರೆಯುತ್ತಿರುವುದು ಹಿಂದಿನ ಬೆಂಚಿನ ಮೂಕಿ ಮಾನಮ್ಮನಿಗೆ ಎಂದು ಅವರಿಗೆ ಗೊತ್ತಿಲ್ಲ.

"ಆಪಾ, ಈ ತೂಬು ಎಲ್ಲಿಂದ ಹಾಕ್ಕೊಂಡ್ರಿ?"

"ವಾಟ್ಸಾಪಿನ್ಯಾಗ ಬಂತಲ್ಲ, ಹೊಸಾದು ಬಂದದ ಹಾಕ್ಕೊಳ್ರಿ ಅಂತ. ಯಾವ್ದೋ ನಂಬರ. ಅವತ್ತ ನೀ ರಜಾ ಇದ್ದಿ."

ಪಾಳಿಯ ಗುಂಡಿ ಒತ್ತಿದೆ. ಅದು ಹೊರಟಿದ್ದು ಕಚೇರಿಯ ವಿಳಾಸಕ್ಕಲ್ಲ, ಇನ್ನೆಲ್ಲಿಗೋ. 'ಪುಟ ಸಿಗಲಿಲ್ಲ' ಎಂದು ಬಂತು. ಕಚೇರಿಯದರಂತೆಯೇ ಮಾಡಿಟ್ಟಿದ್ದ ನಕಲಿ ಪುಟವನ್ನು ಕೆಲಸ ಮುಗಿದ ಮೇಲೆ ಅಳಿಸಿಹಾಕಿದ್ದರು.

ಯಾರೋ ನನ್ನ ತೂಬನ್ನು ತಿರುಚಿದ್ದರು. ಆದರೆ ಯಾರು ಎಂದು ಹೇಳಲು ಉಳಿದಿದ್ದು ಮೇಲೆ ನಾಲ್ಕು ಬೆರಳು, ಎಡಕ್ಕೆ ಮೂರು ಬೆರಳು ಖಾಲಿ ಜಾಗ ಮಾತ್ರ.

ಖಾಲಿ ಜಾಗ ಎಲ್ಲಿಂದ ಬಂತು? ಯೋಚಿಸುತ್ತಿದ್ದಂತೆ ಗಂಟು ತಾನಾಗಿ ಸಡಿಲಾಯಿತು. ತಿರುಚಿದವನು ತನ್ನ ಕಂಪ್ಯೂಟರಿನಲ್ಲಿ ಕೂತು ಕೆಲಸ ಮಾಡಿದ್ದಾನೆ. ಕಟ್ಟಿ ಕಳಿಸುವಾಗ ಅದರೊಳಗಿದ್ದ ತನ್ನ ಸೆಟ್ಟಿಂಗುಗಳನ್ನು ತೆಗೆಯಲು ಮರೆತಿದ್ದಾನೆ. ಪೆಟ್ಟಿಗೆ ಹೊತ್ತವನು ಒಳಗಿದ್ದ ಹಲ್ಲಿಯನ್ನೂ ಹೊತ್ತು ತಂದಿದ್ದಾನೆ. ಅವನ ಪ್ರಿಂಟರಿನ ಅಳತೆ ಈಗ ಎಲ್ಲರ ಪ್ರಿಂಟರಿನ ಅಳತೆ.

"ಆಪಾ, ದಿನಾ ಹಿಂಗ ಜಾಗಾ ಬಿಟ್ಟು ಪ್ರಿಂಟ್ ಹೊಡಿಯೋರು ಯಾರ ಇರ್ತಾರ?"

"ಇದೇನ ಕೇಳ್ತಿ, ಬೇಟಿ? ಮ್ಯಾಲ ಬಿಡಾಂವ ಲೆಟರ್‌ಹೆಡ್ ಇದ್ದಾಂವ. ಎಡಕ್ಕೂ ಬಿಡ್ತಾನಂದ್ರ ಡೈರೆಕ್ಟರ ಹೆಸರ ಉದ್ದಕ ಸಾಲಾಗಿ ಹಾಕಿಸಿದ ಸಂಘದಾಂವ." ಅವರು ಥಟ್ಟನೆ ನಿಂತರು. "ನನ್ನ ಕಡೆ ಹಂಗ ಹಾಕಿಸಿದಾಂವ ಒಬ್ಬನ."

"ಯಾರ್ರಿ?"

"ಮೇಲ್ದಂಡಿ ನೀರು ಬಳಕೆದಾರರ ಸಂಘದ ಹಂಪಣ್ಣ."

ಕಾಲುವೆಯ ಮೇಲಿನ ಹೊಲದವರ ಮುಖಂಡ. ಅಪ್ಪನ ಮೇಲೆ ಮೊದಲ ಅರ್ಜಿ ಬರೆದವನೂ ಅವನೇ.

ಶರೀಫಾಬೀ ಶಟರ್ ಎಳೆದರು. "ನಡಿ. ಇವತ್ತ ಅಂಗಡಿ ಬಂದ್."

"ಆಪಾ, ಅಲ್ಲಿ ಮಂದ್ಯಾಗ ನನಗ ಮಾತ ಬರಂಗಿಲ್ಲ."

"ನೀ ಕಿವ್ಯಾಗ ಹೇಳು. ನಾ ಊರಿಗೆ ಹೇಳ್ತೀನಿ."

ಆಟೋದಲ್ಲಿ ಕ್ಯಾಂಪಿನವರೆಗೂ ನಾನು ಲ್ಯಾಪ್‌ಟಾಪನ್ನು ಎದೆಗೊತ್ತಿ ಹಿಡಿದಿದ್ದೆ. ಹಂಪಣ್ಣನ ಹೆಸರು ಹೇಳಲು ಹೆದರಿಕೆಯಿರಲಿಲ್ಲ. ಕರಿಂಡಿಯ ವಿಷಯವನ್ನು ಮಾತ್ರ ಶರೀಫಾಬೀಗೂ ಹೇಳಿರಲಿಲ್ಲ.

ಕಚೇರಿಯ ಹಾಲಿನಲ್ಲಿ ಹೊಸ ಇಂಜಿನಿಯರ್ ಸಾಹೇಬರು ಕುಳಿತಿದ್ದರು. ಮೈಸೂರು ಕಡೆಯವರು, ನಮ್ಮ ಮಂದಿ ಮಾತಾಡಿದರೆ ಜಗಳವೆಂದು ತಿಳಿಯುವವರು. ಬಾಗಿಲ ಪಕ್ಕದಲ್ಲಿ ಅಪ್ಪ. ಒಂದು ಕಡೆ ಬೆಂಚಿನ ಮೇಲೆ ಕೆಳಗಿನ ಹೊಲದ ಹಣಮಮ್ಮ, ಅವಳೊಂದಿಗೆ ಅಲ್ಲಿಯವರೇ ಏಳೆಂಟು ಜನ. ಇನ್ನೊಂದು ಕಡೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹಂಪಣ್ಣ. ಅವನ ಪಕ್ಕದ ಕುರ್ಚಿಯನ್ನು ನೋಡಿ ನನ್ನ ಹೆಜ್ಜೆ ತಪ್ಪಿತು.

ಶಾಂತಪ್ಪ ಮಾಸ್ತರು. ಹಿರಿಯರೊಬ್ಬರು ಇರಲಿ ಎಂದು ಹಂಪಣ್ಣನೇ ಕರೆತಂದಿದ್ದನಂತೆ.

"ನಮ್ಮದೇನೂ ಹೋಗಿಲ್ರಿ ಸಾಹೇಬ್ರ," ಹಂಪಣ್ಣ ಹೇಳುತ್ತಿದ್ದ. "ನಮ್ಮ ಹೊಲಕ್ಕ ನೀರ ಮುಟ್ಟ್ಯಾವ. ಕೆಳಗಿನವರ ಸಂಕಟ ನೋಡಲಾರದ ಅರ್ಜಿ ಬರದೀನಿ."

ಹಣಮಮ್ಮ ಎದ್ದು ತನ್ನ ಪ್ರಿಂಟನ್ನು ಮೇಜಿನ ಮೇಲಿಟ್ಟಳು. "ನಾ ಓದಾಕ ಬರಲಾರದಾಕಿ. ಇದರಾಗ ಗುರುವಾರ ಅಂತ ಅದನೋ ಇಲ್ಲೋ, ನೀವ ಓದಿದವರು ಹೇಳ್ರಿ."

"ಇದೆಯಮ್ಮ." ಸಾಹೇಬರು ಅಪ್ಪನ ಕಡೆ ತಿರುಗಿದರು. "ನೀವೇನು ಹೇಳುತ್ತೀರಿ?"

"ಫೋನ್ ಬಂತ್ರಿ, ತೆಗದೆ. ಇಪ್ಪತ್ತೆಂಟ ವರ್ಷ ಹಿಂಗ ತೆಗದೀನ್ರಿ."

ಅಪ್ಪ ಇನ್ನೇನೂ ಹೇಳುವವನಲ್ಲ. ನಾನು ಅವನ ಮಗಳು.

ಶರೀಫಾಬೀ ಮುಂದೆ ಬಂದರು. "ಸಾಹೇಬ್ರ, ನನ್ನದೊಂದ ಮಾತದ."

"ಹಾಳಿ ಮಾರಾಕಿಗೆ ಕಾಲುವಿ ಪಂಚಾಯ್ತಿ ಯಾಕ ಬೇಕು?" ಹಂಪಣ್ಣ ನಕ್ಕ.

"ಹಾಳಿ ಮಾರಾಕಿನ, ಯಪ್ಪಾ. ಅದಕ್ಕ ಹಾಳಿ ಸುದ್ದಿನ ತಂದೀನಿ."

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ನಾನು ಲ್ಯಾಪ್‌ಟಾಪು ಬಿಚ್ಚಿ ಕಚೇರಿಯ ಪ್ರಿಂಟರಿಗೆ ವೈರು ಚುಚ್ಚಿದೆ. ಬಸ್ಸಿನ ವೇಳಾಪಟ್ಟಿಯ ಒಂದೇ ಪುಟವನ್ನು ಮೊದಲು ಪುಂಡಿಪಲ್ಯದಿಂದ, ಆಮೇಲೆ ಶರೀಫಾಬೀಯವರ ಕಂಪ್ಯೂಟರಿನಿಂದ ತಂದಿದ್ದ ನಕಲಿಯಿಂದ ತೆಗೆದೆ. ಎರಡು ಹಾಳೆಗಳೂ ಸಾಹೇಬರ ಮುಂದೆ ಬಿದ್ದವು.

"ಇದು ಖರೇ ತೂಬು. ಮ್ಯಾಲಿಂದನ ಬರದದ ನೋಡ್ರಿ," ಶರೀಫಾಬೀ ಬೆರಳಿಟ್ಟು ತೋರಿಸಿದರು. "ಇದು ಯಾರೋ ಕೆಡಿಸಿ ಹಂಚಿದ್ದು. ಮ್ಯಾಲ ನಾಕ ಬೆರಳ, ಎಡಕ್ಕ ಮೂರ. ಈಗ ಹಣಮಮ್ಮನ ಹಾಳಿ ಇದರ ಬಾಜೂಕ ಇಡ್ರಿ."

ಸಾಹೇಬರು ಇಟ್ಟರು. ಎರಡರಲ್ಲೂ ಅಷ್ಟೇ ಜಾಗ ಖಾಲಿ.

"ಪಾಳಿ ತೋರಿಸಿದ್ದು ಕೆಟ್ಟ ತೂಬು ಅನ್ನುತ್ತೀರಿ. ಕೆಡಿಸಿದವರು ಯಾರು?"

ನಾನು ಶರೀಫಾಬೀಯ ಕಿವಿಯಲ್ಲಿ ಪಿಸುಗುಟ್ಟಿದೆ. ಅವರ ಮುಖ ಅರಳಿತು.

"ನಿಮ್ಮ ಫೈಲಿನ್ಯಾಗ ಹಂಪಣ್ಣೋರ ಅರ್ಜಿ ಅದಲ್ರಿ, ದ್ಯಾವಪ್ಪನ್ನ ತಗೀರಿ ಅಂತ ಕೊಟ್ಟಿದ್ದು. ಅದನ್ನ ತಗೀರಿ."

ಫೈಲಿನ ದಾರ ಬಿಚ್ಚಿತು. ಅರ್ಜಿ ಬಂತು. ಮೇಲೆ ಹಸಿರು ಅಕ್ಷರದಲ್ಲಿ ಸಂಘದ ಹೆಸರು, ಕಾಲುವೆಯ ಚಿತ್ರ, ಅದರ ಕೆಳಗೊಂದು ಹಸಿರು ಗೆರೆ. ಎಡಕ್ಕೆ ಮೇಲಿನಿಂದ ಕೆಳಗಿನವರೆಗೆ ಹನ್ನೊಂದು ಜನರ ಹೆಸರು.

"ಹಣಮಮ್ಮನ ಹಾಳಿ ಅದರ ಮ್ಯಾಲಿಟ್ಟು ಕಿಟಕಿ ಬೆಳಕಿಗೆ ಹಿಡೀರಿ."

ಸಾಹೇಬರು ಎದ್ದು ಕಿಟಕಿಗೆ ಹೋದರು. ಹನ್ನೊಂದೂವರೆಯ ಬಿಸಿಲು ಎರಡೂ ಹಾಳೆಗಳನ್ನು ತೂರಿ ಬಂತು.

ಹಣಮಮ್ಮನ ಪಾಳಿ ಪಟ್ಟಿಯ ಮೊದಲ ಸಾಲು ಹಸಿರು ಗೆರೆಯ ಕೆಳಗೆ ಬಂದು ಕುಳಿತಿತ್ತು. ಎಡದ ಹೆಸರುಗಳು ಮುಗಿದ ಕಡೆಯಿಂದಲೇ ಪಟ್ಟಿ ಶುರುವಾಗಿತ್ತು. ಒಂದು ಅಕ್ಷರ ಇನ್ನೊಂದನ್ನು ತುಳಿದಿರಲಿಲ್ಲ. ಆ ಸಂಘದ ಲೆಟರ್‌ಹೆಡ್ಡಿಗೆಂದೇ ಅಳತೆ ಕೊಟ್ಟು ಹೊಲಿಸಿದಂತಿತ್ತು.

ಸಾಹೇಬರು ಹಾಳೆಗಳನ್ನು ಬೇರೆ ಮಾಡಿ ಮತ್ತೆ ಕೂಡಿಸಿದರು. ಮತ್ತೆ ಹಾಗೆಯೇ ಕುಳಿತವು.

"ಲೆಟರ್‌ಹೆಡ್ ಊರ ತುಂಬ ಅದಾವ್ರಿ," ಹಂಪಣ್ಣ ಅಂದ. ದನಿ ಮೊದಲಿನಷ್ಟು ಅಗಲವಿರಲಿಲ್ಲ.

"ಅದಾವ. ಎಡಕ್ಕ ಹೆಸರ ಇರೋದು ನಿಮ್ಮದೊಂದ." ಶರೀಫಾಬೀ ಸೊಂಟಕ್ಕೆ ಕೈ ಕೊಟ್ಟರು. "ಹೊಡದ ಕೊಟ್ಟಾಕಿ ನಾನ. ನಿಮ್ಮ ಹೆಸರು ಉಳದವರಕಿಂತ ದಪ್ಪ ಬರಲಿ ಅಂತ ಮೂರ ಸಲ ತಿರುಗಿಸಿ ಹೊಡಸೀರಿ, ನೆನಪದನ?"

ಈ ಸಲ ಇಡೀ ಬೆಂಚು ನಕ್ಕಿತು. ಸಾಹೇಬರು ಕೂಡ ಅರ್ಜಿಯನ್ನು ಕಣ್ಣಿನ ಹತ್ತಿರ ತಂದು ಆ ದಪ್ಪ ಹೆಸರನ್ನು ನೋಡಿದರು.

ಹಣಮಮ್ಮ ಮಾತ್ರ ನಗಲಿಲ್ಲ. ಅವಳು ನಿಧಾನವಾಗಿ ಹಂಪಣ್ಣನ ಮುಂದೆ ಹೋಗಿ ನಿಂತಳು.

"ದ್ಯಾವಪ್ಪ ಮ್ಯಾಲಿನ ಗೇಟಿಗೆ ಬೀಗ ಹಾಕ್ತಾನ, ನಮಗ ಹೆಚ್ಚಿಗಿ ನೀರ ಬಿಡವಲ್ಲ ಅಂತ ಹೋದ ವರ್ಷ ಕಟ್ಟೀ ಮ್ಯಾಲ ನಿಂತ ಬೈದಾಂವ ನೀನ. ಈ ವರ್ಷ ನನ್ನ ಮನೀಗೆ ಬಂದು, ಹಣಮಮ್ಮಕ್ಕ, ನಿಮಗ ಅನ್ಯಾಯ ಆಗ್ಯಾದ ಅಂದಿ. ನನ್ನ ಹೊಲದ ಬೇಲಿಗೆ ನನ್ನ ಕೈಲಿಂದನ ಬೆಂಕಿ ಹಚ್ಚಸಾಕ ಬಂದಿದ್ದೇನೊ?"



ಹಣಮಮ್ಮ ಅಪ್ಪನ ಕಡೆ ತಿರುಗಿದಳು. "ದ್ಯಾವಪ್ಪ, ಒಂದ ತಿಂಗಳು ನಿನ್ನ ಹೆಸರಿಗೆ ಮಣ್ಣ ತೂರೀನಿ. ನಾಳಿ ಮನೀಗೆ ಬಾ. ಹೋಳಿಗಿ ಮಾಡ್ತೀನಿ."

"ಖಾರಾ ಮಾಡ, ಯಕ್ಕಾ," ಅಪ್ಪ ಅಂದ. "ಸಿಹಿ ತಿನಬ್ಯಾಡಂತ ಡಾಕ್ಟರ ಹೇಳ್ಯಾರ."

ತಿಂಗಳಿನಿಂದ ಅಪ್ಪನ ಬಾಯಿಂದ ಇಷ್ಟುದ್ದದ ಮಾತು ನಾನು ಕೇಳಿರಲಿಲ್ಲ.

ಸಾಹೇಬರು ಕುರ್ಚಿಗೆ ಮರಳಿದರು. "ದ್ಯಾವಪ್ಪನವರ ಅಮಾನತನ್ನು ಇವತ್ತೇ ರದ್ದು ಮಾಡುತ್ತಿದ್ದೇನೆ. ಸೋಮವಾರ ಗೇಟಿನ ಕೀಲಿ ಅವರ ಕೈಯಲ್ಲಿರಬೇಕು."

ಅಪ್ಪ ನನ್ನ ಕಡೆ ನೋಡಲಿಲ್ಲ. ಗೋಡೆಯಲ್ಲಿ ಕೀಲಿಗಳನ್ನು ನೇತುಹಾಕುವ ಮೊಳೆಗಳ ಸಾಲು ಇತ್ತು, ಅದನ್ನು ನೋಡಿದ. ಮೂರನೆಯ ಮೊಳೆ ಅವನದು. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ. ಒರೆಸುವುದು ಬಹಳ ಹೊತ್ತು ನಡೆಯಿತು.

ನನ್ನ ಎದೆಯೊಳಗೆ ಕಾಲುವೆಯ ಎಲ್ಲ ಗೇಟುಗಳೂ ಒಮ್ಮೆಲೇ ತೆರೆದಂತಾಯಿತು. ಗೆದ್ದಿದ್ದೆವು. ನಾನು ಬಾಯಿಬಿಟ್ಟು ಒಂದು ಮಾತೂ ಆಡದೆ ಗೆದ್ದಿದ್ದೆ.

ಆಗ ಹಂಪಣ್ಣ ಎದ್ದ.

"ಕಂಪ್ಯೂಟರ ನಮ್ಮ ಆಫೀಸಿಂದು. ಒಪ್ಪಿದೆ. ಮುಟ್ಟಿದ ಕೈ ನಂದಲ್ಲ. ನನಗ ಗುಂಡಿ ಒತ್ತಾಕ ಬರ್ತದ, ಗುಂಡಿ ಮಾಡಾಕ ಬರಂಗಿಲ್ಲ. ತೂಬು ಮಾಡಿದಾತನ ನಮ್ಮ ಆಫೀಸಿನ್ಯಾಗ ಕುಂತು ಮಾಡಿ ಕೊಟ್ಟಾನ."

ಪೆನ್ನು ತೆಗೆಯುತ್ತಿದ್ದ ಸಾಹೇಬರ ಕೈ ನಿಂತಿತು. "ತೂಬು ಮಾಡಿದವರು ಯಾರೆಂದು ನಿಮಗೆ ಗೊತ್ತೆ?"

"ನನಗ ಅಷ್ಟ ಅಲ್ರಿ, ಸುರಪುರದಾಗ ಅರ್ಧ ಮಂದಿಗೆ ಗೊತ್ತದ. ಇಲ್ಲೇ ಕುಂತಾರಲ್ಲ."

ಅವನ ಬೆರಳು ಪಕ್ಕದ ಕುರ್ಚಿಯ ಕಡೆ ತಿರುಗಿತು.

ಶಾಂತಪ್ಪ ಮಾಸ್ತರು ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡರು. ಎದ್ದು ನಿಲ್ಲಲು ಹಂಪಣ್ಣನ ಕುರ್ಚಿಯ ಬೆನ್ನನ್ನು ಹಿಡಿಯಬೇಕಾಯಿತು.

"ಹೌದು," ಅಂದರು. ಅದೇ ತರಗತಿಯ ದನಿ. "ತೂಬು ನನ್ನದೇ. ಏನು ಬರಕೊಳ್ಳೋದಿದ್ರೂ ನನ್ನ ಹೆಸರಿಗೆ ಬರಕೊಳ್ರಿ."



ಕರಿಂಡಿ ಹೋಗಿದ್ದು ಇವರೊಬ್ಬರಿಗೇ. ಮೆನುವಿನ ಪದಗಳಿರುವ ಕಡತವನ್ನು ತೆರೆಯುವುದು ಹೇಗೆಂದು ಹಂತ ಹಂತವಾಗಿ ಬರೆದು ಕಲಿಸಿದವಳೂ ನಾನೇ. ಗುಂಡಿಗಳ ವಿಳಾಸವಿರುವುದೂ ಅದೇ ಕಡತದಲ್ಲಿ. ತಿರುಚಿದ ಕೈ ಇವರದೇ ಇರಬಹುದೆಂಬ ಅನುಮಾನವನ್ನು ಬೆಳಗಿನಿಂದ ನುಂಗಿಕೊಂಡಿದ್ದೆ. ಆದರೆ ತಾವು ಮಾಡದ ತೂಬನ್ನು ತಮ್ಮದೆಂದು ಇವರು ಹೇಳುವುದು ಯಾಕೆ? ಊರಿನಲ್ಲಿ ಆ ಹೆಸರು ಹೊತ್ತು ತಿರುಗುವ ಆಸೆಗೋ? ಅಥವಾ ಬೇರೆ ಯಾರನ್ನೋ ತಮ್ಮ ಬೆನ್ನ ಹಿಂದೆ ಅಡಗಿಸಿಕೊಂಡಿದ್ದಾರೋ?

ಸಾಹೇಬರು ಬರೆಯಲು ಶುರು ಮಾಡಿದರು. ಶಾಂತಪ್ಪ, ನಿವೃತ್ತ ಶಿಕ್ಷಕರು.

ನಾನು ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಅಪ್ಪನ ಕೀಲಿ ಸೋಮವಾರ ಮೂರನೆಯ ಮೊಳೆಗೆ ಬರುತ್ತಿತ್ತು. ಬಾಯಿಬಿಟ್ಟರೆ ಹಂಪಣ್ಣನಿಗೆ ಬೇಕಾದ ಕೋಲನ್ನು ನಾನೇ ಕೈಗಿಟ್ಟಂತೆ. ಪಾಳಿ ತಪ್ಪಿಸಿದ ತೂಬು ಗೇಟಿನವನ ಮನೆಯಲ್ಲೇ ಹುಟ್ಟಿದ್ದು ಎಂದು ಅವನು ಊರೆಲ್ಲ ಸಾರುತ್ತಿದ್ದ. ಈಗ ತಾನೇ ರದ್ದಾದ ಅಮಾನತು ಸಂಜೆಯೊಳಗೆ ಮತ್ತೆ ಬರಬಹುದಿತ್ತು.

ಮಾಸ್ತರು ಇನ್ನೂ ಕುರ್ಚಿಯ ಬೆನ್ನು ಹಿಡಿದೇ ನಿಂತಿದ್ದರು. ಅವರು ಯಾರ ಕಡೆಯೂ ನೋಡುತ್ತಿರಲಿಲ್ಲ.

ನಾಲ್ಕು ನೂರು ಕಂಪ್ಯೂಟರು. ಪ್ರತಿ ಸಲ ಹನ್ನೊಂದು ತಾಸು. ಕೊಡದ ಅಡ್ಡಣಿಗೆ. ಅವ್ವನ ಅಡುಗೆಯ ಹೆಸರುಗಳು. ಎರಡು ವರ್ಷ ಬಂದ ಪತ್ರಗಳೆಲ್ಲ ಸರ್, ಸರ್, ಸರ್.

ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಮುಂದಿಟ್ಟಿತ್ತು.

ಶರೀಫಾಬೀ ನನ್ನ ಕಡೆ ಬಾಗಿದರು. "ಏನ, ಬೇಟಿ? ಕಿವ್ಯಾಗ ಹೇಳು. ನಾ ಹೇಳ್ತೀನಿ."

"ಇದನ್ನ ನಾನ ಹೇಳಬೇಕ್ರಿ, ಆಪಾ."

ಮೇಜಿನ ಹತ್ತಿರ ಹೋದೆ. ನನ್ನ ಲ್ಯಾಪ್‌ಟಾಪನ್ನು ಸಾಹೇಬರ ಕಡೆ ತಿರುಗಿಸಿದೆ. ಅಪ್ಪ ಈಗ ಮೊಳೆಗಳನ್ನು ಬಿಟ್ಟು ನನ್ನನ್ನು ನೋಡುತ್ತಿದ್ದ.

"ಆ ಹೆಸರ ಹೊಡದ ಹಾಕ್ರಿ, ಸಾಹೇಬ್ರ. ಮಾಸ್ತರ್ರು ಸುಳ್ಳ ಹೇಳಾಕತ್ಯಾರ," ಅಂದೆ. ನನ್ನ ದನಿ ಇಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. "ತೂಬು ಮಾಡಿದಾಕಿ ನಾನು."